ಮುಂದಿನ ಸಲ ಯಾರನ್ನ ಸೋಲಿಸೋಣ?

(1)
ಫೋಟೋ: ಹೊಸದುರ್ಗ, ಸಂಜೆ ಆರೂವರೆ, ಟೀ ಅಂಗಡಿ ಮುಂದಿನ ಕಲ್ಲುಬೆಂಚು.

ಬೆಂಚಿನ ಮೇಲೆ ಕೂತಿರೋ ಯಜಮಾನರ ಮುಖ ಬೇಕಂತಲೇ ಫ್ರೇಮಿನಿಂದ ಆಚೆ ಬಿಟ್ಟಿದ್ದೀನಿ. ಅವರಿಗೆ ಫೋಟೋ ಇಷ್ಟ ಇಲ್ಲ, ರಾಜಕೀಯ ಮಾತ್ರ ಇಷ್ಟ. ಮೊನ್ನೆ ಅರ್ಧ ಲೋಟ ಟೀ ಮುಗಿಸಿ ನನ್ನ ಕಡೆ ತಿರುಗಿ ಕೇಳಿದ್ರು: "ಏನಪ್ಪಾ, ಮುಂದಿನ ಸಲ ಯಾರನ್ನ ಸೋಲಿಸೋಣ?"

ಗಮನಿಸಿ. ಯಾರನ್ನ ಗೆಲ್ಲಿಸೋಣ ಅಂತ ಕೇಳಲಿಲ್ಲ.

ನಾನು ನಕ್ಕೆ. ಮನೆಗೆ ಬಂದು ಮಲಗಿದ ಮೇಲೆ ಆ ಪ್ರಶ್ನೆ ಹೋಗಲಿಲ್ಲ. ಹೊಸದುರ್ಗ ಕ್ಷೇತ್ರದ ಕಳೆದ ನಾಲ್ಕು ಚುನಾವಣೆಯ ಫಲಿತಾಂಶ ತೆಗೆದು ನೋಡಿ. 2008 ಗೂಳಿಹಟ್ಟಿ ಶೇಖರ್. 2013 ಬಿ.ಜಿ. ಗೋವಿಂದಪ್ಪ. 2018 ಗೂಳಿಹಟ್ಟಿ ಶೇಖರ್. 2023 ಬಿ.ಜಿ. ಗೋವಿಂದಪ್ಪ. ಸೀಸಾ ಆಟ ಇದ್ದಂಗಿದೆ, ಒಬ್ಬರು ಮೇಲೆ ಹೋದಾಗ ಇನ್ನೊಬ್ಬರು ಕೆಳಗೆ. ಹಲಗೆ ಮಾತ್ರ ಅದೇ ಜಾಗದಲ್ಲಿ.

ಈ ಸರಣಿ ಒಬ್ಬ ಶಾಸಕರ ಬಗ್ಗೆ. ಗೂಳಿಹಟ್ಟಿ ಡಿ. ಶೇಖರ್. ಅವರನ್ನ ಬೈಯೋಕೆ ಅಂತ ಓದೋಕೆ ಬಂದಿದ್ರೆ ನಿರಾಸೆ ಆಗುತ್ತೆ, ಹೊಗಳೋಕೆ ಅಂತ ಬಂದಿದ್ರೂ ಅಷ್ಟೇ. ನನ್ನ ಜಗಳ ಇರೋದು ನಿಮ್ಮ ಜೊತೆ, ನನ್ನ ಜೊತೆ. ನಾನು ಯಾವ ಪಕ್ಷದವನೂ ಅಲ್ಲ. ನನ್ನ ಮೊದಲ ವೋಟು 2018ರಲ್ಲಿ. ಯಾರಿಗೆ ಹಾಕಿದೆ ಅಂತ ಕೊನೇಲಿ ಹೇಳ್ತೀನಿ, ಈಗಲೇ ಕಾಮೆಂಟಿನಲ್ಲಿ ಊಹೆ ಶುರು ಮಾಡಬೇಡಿ.

(2)
ಫೋಟೋ: ಸೀಬಾರ, ಚಿತ್ರದುರ್ಗದ ಹತ್ತಿರ, ನಿಜಲಿಂಗಪ್ಪನವರ ಸ್ಮಾರಕ.

ಶೇಖರ್ ವಿಷಯಕ್ಕೆ ಬರೋ ಮೊದಲು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಯಾಕಂದ್ರೆ ಹೊಸದುರ್ಗದವರಿಗೆ ಒಂದು ಹಳೇ ಹೆಮ್ಮೆ ಇದೆ, ಆ ಹೆಮ್ಮೆಯಲ್ಲೇ ನಮ್ಮ ಕಾಯಿಲೆಯೂ ಇದೆ.

1962. ಆಗ ಇನ್ನೂ ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪ ಅಂದ್ರೆ ಏಕೀಕರಣದ ನಾಯಕ, 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ. ಮತ್ತೆ ಆ ಕುರ್ಚಿಗೆ ಬರೋರು ಅವರೇ ಅಂತ ಎಲ್ಲರಿಗೂ ಗೊತ್ತಿತ್ತು. ಅವರು ನಿಂತಿದ್ದು ಹೊಸದುರ್ಗದಿಂದ. ನಮ್ಮ ಅಜ್ಜಂದಿರು ಅವರನ್ನ ಸೋಲಿಸಿದ್ರು! ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ.

ಈ ಕಥೆ ಹೇಳೋವಾಗ ನಮ್ಮೂರ ಹಿರಿಯರ ಎದೆ ಈಗಲೂ ಉಬ್ಬುತ್ತೆ. "ನಾವು ಮುಖ್ಯಮಂತ್ರಿನೇ ಮನೆಗೆ ಕಳಿಸಿದೋರು ಕಣಯ್ಯಾ."

ಕಳಿಸಿದ್ದು ಮನೆಗೆ ಅಲ್ಲ. ಕಥೆಯ ಉಳಿದ ಅರ್ಧವನ್ನ ಯಾರೂ ಹೇಳಲ್ಲ. ಮಾರ್ಚ್‌ನಲ್ಲಿ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು, ಬಾಗಲಕೋಟೆಯಲ್ಲಿ ಒಬ್ಬ ಶಾಸಕರು ಜಾಗ ಬಿಟ್ಟುಕೊಟ್ಟರು, ನಿಜಲಿಂಗಪ್ಪ ಅಲ್ಲಿಂದ ಅವಿರೋಧ ಆಯ್ಕೆಯಾದರು, ಜೂನ್‌ನಲ್ಲಿ ಕಂಠಿಯವರು ಕುರ್ಚಿ ಬಿಟ್ಟರು. ನೂರು ದಿನ ಕೂಡ ಆಗಿರಲಿಲ್ಲ. 1968ರವರೆಗೆ ನಿಜಲಿಂಗಪ್ಪನವರೇ ಮುಖ್ಯಮಂತ್ರಿ.

ಅವರು ದೊಡ್ಡ ಮನುಷ್ಯ, ಕೈ ಶುದ್ಧ ಇದ್ದವರು, ಅದರಲ್ಲಿ ನನಗೆ ಅನುಮಾನ ಇಲ್ಲ. ನಾನು ಹೇಳ್ತಿರೋದು ನಮ್ಮ ಬಗ್ಗೆ. ಸೋಲಿಸಿದ್ದು ನಮಗೆ ಎಷ್ಟು ರುಚಿಸಿತು ಅಂದ್ರೆ, ಸೋಲಿಸಿದ ಮೇಲೆ ಏನಾಯ್ತು ಅಂತ ನೋಡೋದೇ ಮರೆತುಬಿಟ್ವಿ. ಅರವತ್ತು ವರ್ಷ ಆಯ್ತು, ಇನ್ನೂ ನೋಡ್ತಿಲ್ಲ.

(3)
ಫೋಟೋ: ಗೂಳಿಹಟ್ಟಿ ಕಡೆ ಹೋಗೋ ರಸ್ತೆ, ಎರಡೂ ಕಡೆ ತೆಂಗು.

2008ರಲ್ಲಿ ಕ್ಷೇತ್ರಗಳ ಪುನರ್‌ವಿಂಗಡಣೆ ಆಗಿ ನಮ್ಮ ಜಿಲ್ಲೆಯ ನಕ್ಷೆಯೇ ಬದಲಾಯ್ತು. ಭರಮಸಾಗರ ಕ್ಷೇತ್ರ ಮಾಯ ಆಯ್ತು. ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾಯ್ತು. ಅಲ್ಲಿಯವರೆಗೆ ಮೀಸಲಿದ್ದ ಹಿರಿಯೂರು ಸಾಮಾನ್ಯ ಕ್ಷೇತ್ರ ಆಯ್ತು. ಚಳ್ಳಕೆರೆ ಪರಿಶಿಷ್ಟ ಪಂಗಡಕ್ಕೆ ಹೋಯ್ತು. ಹೊಸದುರ್ಗ ಸಾಮಾನ್ಯ ಕ್ಷೇತ್ರವಾಗಿಯೇ ಉಳೀತು.

ಆ ಸಾಮಾನ್ಯ ಕ್ಷೇತ್ರದಲ್ಲಿ ಭೋವಿ ಸಮುದಾಯದ ಒಬ್ಬರು, ಕೈಯಲ್ಲಿ ಯಾವ ಪಕ್ಷದ ಬಿ-ಫಾರಂ ಇಲ್ಲದೆ, ಪಕ್ಷೇತರರಾಗಿ ನಿಂತು ಗೆದ್ದರು.

ಇದನ್ನ ಸಣ್ಣದು ಮಾಡಬೇಡಿ. ಲಿಂಗಾಯತ, ಕುರುಬ, ಕುಂಚಿಟಿಗ ಅಂತ ಬೂತ್ ಬೂತಿಗೂ ಎಣಿಸಿ ಟಿಕೆಟ್ ಹಂಚೋ ನಾಡಿದು. ಮೀಸಲು ಕ್ಷೇತ್ರ ಅಲ್ಲದ ಕಡೆ ಪರಿಶಿಷ್ಟ ಜಾತಿಯವರಿಗೆ ದೊಡ್ಡ ಪಕ್ಷಗಳು ಟಿಕೆಟ್ ಕೊಡೋದೇ ಅಪರೂಪ. ಅಂಥ ಕಡೆ ಒಬ್ಬ ಮನುಷ್ಯ ಪಕ್ಷವೇ ಇಲ್ಲದೆ ಗೆದ್ದ ಅಂದ್ರೆ, ಆ ವೋಟಿನಲ್ಲಿ ಒಂದು ಮಾತಿತ್ತು. 'ನಿಮ್ಮ ಪಕ್ಷಗಳ ಲೆಕ್ಕ ನಿಮಗೇ ಇರಲಿ, ಇವನು ನಮ್ಮವನು' ಅನ್ನೋ ಮಾತು. ಹೊಸದುರ್ಗ ನನ್ನ ಊರು ಅಂತ ಹೇಳ್ಕೊಳ್ಳೋಕೆ ನನಗೆ ನಿಜವಾಗಿ ಹೆಮ್ಮೆ ಅನ್ನಿಸೋ ಎರಡು ಮೂರು ಸಂಗತಿಗಳಲ್ಲಿ ಇದೂ ಒಂದು. ಆಗ ನನಗೆ ಓಟಿನ ವಯಸ್ಸಾಗಿರಲಿಲ್ಲ, ಬಿಡಿ.

(4)
ಫೋಟೋ: ವಿಧಾನಸೌಧ, ಮಳೆ ನಿಂತ ಮೇಲೆ.

ಈಗ ಲೆಕ್ಕ. 2008ರ ಮೇ. ಒಟ್ಟು 224 ಸ್ಥಾನ. ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28, ಪಕ್ಷೇತರರು 6. ಬಹುಮತಕ್ಕೆ ಬೇಕಾದದ್ದು 113.

ಮೂರು ಕಡಿಮೆ!

ಆ ಮೂರಕ್ಕಾಗಿ ಐವರು ಪಕ್ಷೇತರರ ಬೆಂಬಲ ಬಂತು. ಮೇ 30ರಂದು ಯಡಿಯೂರಪ್ಪನವರು ಪ್ರಮಾಣವಚನ ತಗೊಂಡಾಗ ಐವರಿಗೂ ಮಂತ್ರಿಗಿರಿ. ಹೆಸರು ಓದಿ: ಹೊಸದುರ್ಗದ ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್, ಪಾವಗಡದ ವೆಂಕಟರಮಣಪ್ಪ, ಮಳವಳ್ಳಿಯ ನರೇಂದ್ರಸ್ವಾಮಿ, ಕನಕಗಿರಿಯ ಶಿವರಾಜ ತಂಗಡಗಿ.

ಇನ್ನೊಂದು ಸಲ ಓದಿ. ಐವರಲ್ಲಿ ಇಬ್ಬರು ಚಿತ್ರದುರ್ಗ ಜಿಲ್ಲೆಯವರು. ಪಾವಗಡ ತುಮಕೂರು ಜಿಲ್ಲೆಯಾದರೂ ಚಿತ್ರದುರ್ಗ ಲೋಕಸಭಾ ಕ್ಷೇತ್ರದೊಳಗೇ ಬರುತ್ತೆ. ಅಂದ್ರೆ ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರದ ಕೀಲಿಕೈ ಐದು ಇದ್ರೆ ಅದರಲ್ಲಿ ಮೂರು ನಮ್ಮ ಬರಗಾಲದ ಒಂದೇ ಲೋಕಸಭಾ ಕ್ಷೇತ್ರದ ಜೇಬಲ್ಲಿದ್ವು. ನಮ್ಮ ನೆಲಕ್ಕೆ ಅಷ್ಟು ಬೆಲೆ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಆ ಬೆಲೆಗೆ ಏನು ಸಿಕ್ತು? ಐದು ಮಂತ್ರಿಗಿರಿ ಸಿಕ್ತು. ಶೇಖರ್ ಅವರು ಯುವಜನ ಸೇವೆ ಮತ್ತು ಕ್ರೀಡಾ ಖಾತೆ ನೋಡಿಕೊಂಡರು.

'ಮಂತ್ರಿ ಆದ್ರಲ್ಲ, ತಾಲ್ಲೂಕಿಗೆ ಒಳ್ಳೇದೇ ಅಲ್ವಾ' ಅಂತೀರಿ. ಇರಬಹುದು. ನನ್ನ ಪ್ರಶ್ನೆ ಅದಲ್ಲ. ಆ ಐದು ಸಹಿ ಬೀಳೋ ಮೊದಲು, 'ಹೊಸದುರ್ಗಕ್ಕೆ ಇದು ಬೇಕು, ಇಷ್ಟು ದಿನದೊಳಗೆ ಬೇಕು, ಬರದಿದ್ರೆ ನಾನು ಆಚೆ' ಅನ್ನೋ ಒಂದು ಹಾಳೆ ಯಾರಾದ್ರೂ ಮೇಜಿನ ಮೇಲೆ ಇಟ್ರಾ? ಇಟ್ಟಿದ್ರೆ ಅದನ್ನ ಊರಿಗೆ ಓದಿ ಹೇಳಬೇಕಿತ್ತು. ನಾವಾದ್ರೂ ಕೇಳಿದ್ವಾ? ಇಲ್ಲ. ಪಟಾಕಿ ಹೊಡೆದ್ವಿ. ನಾನೂ ಹುಡುಗ, ಕುಣಿದಿದ್ದೀನಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳ ಉಪಚುನಾವಣೆ. ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಕಮಲದ ಗುರುತಿನ ಮೇಲೆ ನಿಂತಿದ್ದು, 'ಆಪರೇಷನ್ ಕಮಲ' ಅನ್ನೋ ಮಾತು ಹುಟ್ಟಿದ್ದು ಆಗಲೇ. ಎಂಟರಲ್ಲಿ ಐದು ಬಿಜೆಪಿಗೆ ಬಂದ್ವು. 110 ಹೋಗಿ 115 ಆಯ್ತು. ಅವತ್ತಿಗೆ ಪಕ್ಷೇತರರ ಹಂಗು ತೀರಿತು. ಕೀಲಿಕೈ ಇನ್ನೂ ಇವರ ಜೇಬಲ್ಲೇ ಇತ್ತು. ಬೀಗ ಬದಲಾಗಿತ್ತು.

(5)
ಫೋಟೋ ಇಲ್ಲ. ಕಪ್ಪು ಸ್ಲೈಡ್. ವಿಡಿಯೋ ನಿಮಗೆಲ್ಲ ಗೊತ್ತಿರೋದೇ.

2010ರ ಅಕ್ಟೋಬರ್. ಬಿಜೆಪಿಯ 11 ಶಾಸಕರು, ಈ ಐವರು ಪಕ್ಷೇತರರು, ಒಟ್ಟು 16 ಮಂದಿ ಸರ್ಕಾರಕ್ಕೆ ತಿರುಗಿ ಬಿದ್ದರು. ವಿಶ್ವಾಸಮತಕ್ಕೆ ಮುಂಚೆಯೇ ಸ್ಪೀಕರ್ ಕೆ.ಜಿ. ಬೋಪಯ್ಯ 16 ಜನರನ್ನೂ ಅನರ್ಹ ಮಾಡಿದರು. ಅಕ್ಟೋಬರ್ 11ರಂದು ಸದನದಲ್ಲಿ ಗದ್ದಲವೋ ಗದ್ದಲ, ಮಾರ್ಷಲ್‌ಗಳ ಜೊತೆ ತಳ್ಳಾಟ. ಅಂಗಿ ಹರಿದುಕೊಂಡ ಶೇಖರ್ ಅವರ ಚಿತ್ರ ಇಡೀ ದೇಶ ನೋಡಿತು.

ನಮ್ಮೂರಲ್ಲಿ ಜನ ಇವತ್ತಿಗೂ ನೆನಪಿಟ್ಟಿರೋದು ಆ ಅಂಗಿ. ಮೀಮ್ ಮಾಡೋರಿಗೂ ಅದೇ ಬೇಕು. ಆದರೆ ಆ ಪ್ರಕರಣದಲ್ಲಿ ಅಂಗಿಗಿಂತ ಮುಖ್ಯವಾದ ಒಂದು ಪ್ರಶ್ನೆ ಇತ್ತು, ಸ್ವಲ್ಪ ತಾಳ್ಮೆಯಿಂದ ಓದಿ.

ಸಂವಿಧಾನದ ಹತ್ತನೇ ಅನುಸೂಚಿ, ಅಂದ್ರೆ ಪಕ್ಷಾಂತರ ನಿಷೇಧ ಕಾನೂನು. ಪಕ್ಷದಿಂದ ಗೆದ್ದವರಿಗೆ ಒಂದು ನಿಯಮ, ಪಕ್ಷೇತರರಿಗೆ ಬೇರೆ. ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದೇ ಪಕ್ಷ ಸೇರಿದ್ರೆ ಸದಸ್ಯತ್ವ ಹೋಯ್ತು, ಅಷ್ಟೇ. ಯಾಕೆ? ಜನ ಪಕ್ಷ ಬೇಡ ಅಂತಲೇ ಅವನಿಗೆ ಹಾಕಿದ್ದಾರೆ, ಆ ವೋಟನ್ನ ತಗೊಂಡು ಹೋಗಿ ಪಕ್ಷಕ್ಕೆ ಕೊಡೋ ಹಕ್ಕು ಅವನಿಗಿಲ್ಲ ಅಂತ.

ಹಾಗಾದ್ರೆ ಒಂದು ಪಕ್ಷದ ಸರ್ಕಾರದಲ್ಲಿ ಮಂತ್ರಿಯಾದರೆ ಆ ಪಕ್ಷ ಸೇರಿದ ಹಾಗೆ ಆಗುತ್ತಾ? ಸ್ಪೀಕರ್ ಪ್ರಕಾರ ಆಗುತ್ತೆ. ಹೈಕೋರ್ಟಿನಲ್ಲೂ ಇವರಿಗೆ ಸೋಲು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನ ರದ್ದು ಮಾಡಿತು. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದ ಹಾಗಲ್ಲ ಅನ್ನೋದು ತೀರ್ಪಿನ ಸಾರ. ಪಕ್ಷೇತರರ ಆ ಪ್ರಕರಣ ಕಾನೂನು ಪುಸ್ತಕಗಳಲ್ಲಿ ಇರೋದೇ ಹಿರಿಯೂರು ಶಾಸಕರ ಹೆಸರಲ್ಲಿ: ಡಿ. ಸುಧಾಕರ್ ವಿರುದ್ಧ ಡಿ.ಎನ್. ಜೀವರಾಜು. ಲಾ ಓದೋ ಹುಡುಗರು ಇದ್ರೆ ನೋಡಿ, ನಮ್ಮ ಜಿಲ್ಲೆ ಪಠ್ಯದಲ್ಲಿದೆ.

ತೀರ್ಪು ಕಾನೂನಿನ ಪ್ರಕಾರ ಸರಿ ಅಂತಲೇ ನನ್ನ ಅಭಿಪ್ರಾಯ. ಸ್ಪೀಕರ್ ಆತುರಾತುರವಾಗಿ ನಡಕೊಂಡಿದ್ದು ತಪ್ಪು. ಆದರೆ ಕೋರ್ಟಿನಲ್ಲಿ ವಾದ ಮಾಡಿದ್ದು ಶಾಸಕರು ಮತ್ತು ಸ್ಪೀಕರ್ ಕಡೆಯವರು. ಹೊಸದುರ್ಗದ ಮತದಾರನ ಪರ ಯಾವ ವಕೀಲನೂ ಇರಲಿಲ್ಲ. 'ಸ್ವಾಮಿ, ನಾನು ಪಕ್ಷ ಬೇಡ ಅಂತ ವೋಟು ಹಾಕಿದ್ದೆ. ಅದನ್ನ 2008ರಲ್ಲಿ ಒಂದು ಪಕ್ಷಕ್ಕೆ ಕೊಟ್ಟಾಗ ನನ್ನ ಕೇಳಲಿಲ್ಲ, 2010ರಲ್ಲಿ ವಾಪಸ್ ತಗೊಂಡಾಗಲೂ ಕೇಳಲಿಲ್ಲ' ಅಂತ ಹೇಳೋಕೆ ಒಬ್ಬರೂ ಇರಲಿಲ್ಲ. ಕೋರ್ಟ್ ಶಾಸಕರ ಸ್ಥಾನ ಉಳಿಸಿಕೊಡ್ತು. ನಮ್ಮ ಮಾತನ್ನ ಕೇಳೋ ಕೆಲಸ ಕೋರ್ಟಿನದ್ದಲ್ಲ, ನಾವೇ ಹೇಳಬೇಕಿತ್ತು.

(6)
ಫೋಟೋ: ಗೋಡೆ ಮೇಲಿನ ಮಾಸಿದ ಚುನಾವಣಾ ಬರಹ. ಯಾವ ವರ್ಷದ್ದೋ.

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೀನಿ. 2013ರಲ್ಲಿ ಶೇಖರ್ ಸೋತರು, ಕಾಂಗ್ರೆಸ್ಸಿನ ಗೋವಿಂದಪ್ಪ ಬಂದರು. 2018ರಲ್ಲಿ ಶೇಖರ್ ಬಿಜೆಪಿ ಅಭ್ಯರ್ಥಿ, ಸುಮಾರು 26 ಸಾವಿರ ಮತಗಳ ಅಂತರದ ಗೆಲುವು. 'ನಾನು ಆ ಪಕ್ಷ ಸೇರಿಲ್ಲ' ಅನ್ನೋ ವಾದದಿಂದ ಸುಪ್ರೀಂ ಕೋರ್ಟಿನಲ್ಲಿ ಸ್ಥಾನ ಉಳಿಸಿಕೊಂಡವರು ಏಳು ವರ್ಷದ ನಂತರ ಅದೇ ಪಕ್ಷದ ಗುರುತಿನ ಮೇಲೆ ಗೆದ್ದರು. ಕಾನೂನಿನಲ್ಲಿ ಏನೂ ತಪ್ಪಿಲ್ಲ. ಮನುಷ್ಯ ಮನಸ್ಸು ಬದಲಾಯಿಸಬಹುದು. ಯಾಕೆ ಬದಲಾಯ್ತು ಅಂತ ಒಂದು ಮಾತು ನಾವು ಕೇಳಬಹುದಿತ್ತು, ಅದನ್ನೂ ಕೇಳಲಿಲ್ಲ.

ಉಳಿದ ನಾಲ್ವರ ದಾರಿಯೂ ನೋಡಿ. ಸುಧಾಕರ್, ನರೇಂದ್ರಸ್ವಾಮಿ, ತಂಗಡಗಿ, ವೆಂಕಟರಮಣಪ್ಪ ನಾಲ್ವರೂ ಕಾಂಗ್ರೆಸ್ಸಿನಿಂದ ಗೆದ್ದು ಮತ್ತೆ ಶಾಸಕರಾದರು. ತಂಗಡಗಿ 2013ರಲ್ಲೂ 2023ರಲ್ಲೂ ಮಂತ್ರಿ. ವೆಂಕಟರಮಣಪ್ಪ 2018ರ ಮೈತ್ರಿ ಸರ್ಕಾರದಲ್ಲಿ ಮಂತ್ರಿ. ಸುಧಾಕರ್ 2023ರಲ್ಲಿ ಮಂತ್ರಿ. ಕಮಲದ ಕಡೆ ಹೋದವರು ಶೇಖರ್ ಒಬ್ಬರೇ, 2010ರ ನಂತರ ಮತ್ತೆ ಮಂತ್ರಿಗಿರಿ ನೋಡದವರಲ್ಲಿ ಅವರೂ ಒಬ್ಬರು. ಇದರಲ್ಲಿ ಯಾವ ನೀತಿ ಪಾಠವೂ ಇಲ್ಲ, ಸುಮ್ಮನೆ ದಾಖಲೆಗಿರಲಿ.

(7)
ಫೋಟೋ: ಮೋಡ ಕವಿದ ಹೊಲ. ಈ ಭಾಗಕ್ಕೆ ಊರಿನ ಫೋಟೋ ಹಾಕೋಕೆ ಮನಸ್ಸಾಗಲಿಲ್ಲ.

2021ರ ಸೆಪ್ಟೆಂಬರ್. ಅಧಿವೇಶನದಲ್ಲಿ ಶೇಖರ್ ಎದ್ದು ನಿಂತು, ತಮ್ಮ ಸ್ವಂತ ತಾಯಿಯೇ ಮತಾಂತರ ಆಗಿದ್ದಾರೆ, ತಾಲ್ಲೂಕಿನಲ್ಲಿ ಸಾವಿರಾರು ಜನ ಆಗಿದ್ದಾರೆ ಅಂದರು. ಒಂದೇ ದಿನದಲ್ಲಿ ಹೊಸದುರ್ಗ ರಾಷ್ಟ್ರೀಯ ಸುದ್ದಿ. ಆಮೇಲೆ ಸಮೀಕ್ಷೆ ನಡೀತು. ತಹಶೀಲ್ದಾರರ ವರದಿಯಲ್ಲಿ, ನೋಡಿದ ಊರುಗಳಲ್ಲಿ ಬಲವಂತದ ಮತಾಂತರ ಕಂಡುಬಂದಿಲ್ಲ ಅಂತ ಇತ್ತು. ಅದಾದ ಮೇಲೆ ತಹಶೀಲ್ದಾರರ ವರ್ಗಾವಣೆ ಆಯ್ತು. ಎರಡೂ ಪತ್ರಿಕೆಗಳಲ್ಲಿ ಬಂದಿದ್ದೇ, ನಾನು ಅವೆರಡಕ್ಕೂ ಗಂಟು ಹಾಕ್ತಿಲ್ಲ. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆ ಬಂತು.

ತಾಯಿಯ ನಂಬಿಕೆ ತಾಯಿಯದ್ದು, ಮಗನ ನೋವು ಮಗನದ್ದು. ಅದರ ಬಗ್ಗೆ ನಾನು ಮಾತಾಡಲ್ಲ, ನೀವೂ ಕಾಮೆಂಟಿನಲ್ಲಿ ಮಾತಾಡಬೇಡಿ, ಡಿಲೀಟ್ ಮಾಡ್ತೀನಿ. ನಾನು ಕೇಳೋದು ಶಾಸಕರಾಗಿ ಅವರು ಬಳಸಿದ ಸಮಯದ ಬಗ್ಗೆ. ಹೊಸದುರ್ಗದ ಹೆಸರು ಇಡೀ ದೇಶದ ಟಿವಿಯಲ್ಲಿ ಬಂದಿದ್ದು ನನಗೆ ನೆನಪಿರೋ ಹಾಗೆ ಎರಡೇ ಸಲ. ಒಂದು ಹರಿದ ಅಂಗಿಗೆ, ಇನ್ನೊಂದು ಇದಕ್ಕೆ. ಒಣಗಿ ನಿಂತ ತೆಂಗಿನ ತೋಟಕ್ಕೆ ಒಂದು ಸಲವೂ ಬರಲಿಲ್ಲ.

2023ರ ಏಪ್ರಿಲ್. ಬಿಜೆಪಿ ಟಿಕೆಟ್ ಎಸ್. ಲಿಂಗಮೂರ್ತಿಯವರಿಗೆ ಹೋಯ್ತು. ಶೇಖರ್ ಪಕ್ಷ ಬಿಟ್ಟು, 2008ರ ಹಾಗೇ ಪಕ್ಷೇತರರಾಗಿ ನಿಂತರು. ಸೋತರು. ಗೋವಿಂದಪ್ಪನವರು ಬಿಜೆಪಿ ಅಭ್ಯರ್ಥಿಗಿಂತ 32 ಸಾವಿರಕ್ಕೂ ಹೆಚ್ಚು ಮತ ಮುಂದೆ. ಆ ಸಲ ಕಾಂಗ್ರೆಸ್ಸಿಗೆ 135 ಸ್ಥಾನ. ಶೇಖರ್ ಗೆದ್ದಿದ್ದರೂ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ ಅನ್ನೋದನ್ನ ಯೋಚನೆ ಮಾಡಿ. 2008ರಲ್ಲಿ ಪಕ್ಷೇತರನಿಗೆ ಬೆಲೆ ಬಂದಿದ್ದು ಅವನು ಯಾರು ಅನ್ನೋದರಿಂದ ಅಲ್ಲ, 113ಕ್ಕೆ ಎಷ್ಟು ಕಡಿಮೆ ಬಿದ್ದಿತ್ತು ಅನ್ನೋದರಿಂದ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ಒಂದು ಆಡಿಯೋ ಹೊರಬಂತು. ನಾಗಪುರದ ಹೆಡಗೇವಾರ್ ಸ್ಮಾರಕಕ್ಕೆ ಹೋದಾಗ ಪರಿಶಿಷ್ಟ ಜಾತಿಯವನು ಅನ್ನೋ ಕಾರಣಕ್ಕೆ ಒಳಗೆ ಬಿಡಲಿಲ್ಲ ಅಂತ ಅವರ ಮಾತು. ಆರೆಸ್ಸೆಸ್ ಅದನ್ನ ಅಲ್ಲಗಳೆಯಿತು. ನಿಜ ಏನೋ ಅವರಿಗೇ ಗೊತ್ತು. ನನಗೆ ಕಾಡಿದ್ದು ಬೇರೆ. 2008ರಲ್ಲಿ ಹೊಸದುರ್ಗದ ಸಾಮಾನ್ಯ ಕ್ಷೇತ್ರದ ಬಾಗಿಲು ಆ ಮನುಷ್ಯನಿಗೆ ತೆಗೆದಿತ್ತು. ಆ ಬಾಗಿಲು ತೆಗೆದವರು ನಾವು. ಅಂಥ ಬೆಂಬಲ ಬೆನ್ನಿಗಿದ್ದವರು ಹದಿನೈದು ವರ್ಷದಲ್ಲಿ ಇನ್ಯಾರದೋ ಬಾಗಿಲಲ್ಲಿ ನಿಂತು ದೂರು ಹೇಳೋ ಸ್ಥಿತಿಗೆ ಯಾಕೆ ಬಂದರು?

(8)
ಫೋಟೋ: ಹಿರಿಯೂರು ಬೈಪಾಸ್, ರಾತ್ರಿ.

'ನಮ್ಮ ತಾಲ್ಲೂಕಿನ ಬಗ್ಗೆ ಯಾಕೆ ಬರೆಯಲ್ಲ' ಅಂತ ಹಿರಿಯೂರು, ಹೊಳಲ್ಕೆರೆ ಕಡೆಯವರು ಮೆಸೇಜ್ ಹಾಕಿದ್ರಿ. ಬೇಜಾರು ಮಾಡ್ಕೋಬೇಡಿ, ನಿಮ್ಮದೂ ಇದೇ ಹಾಡು.

ಹಿರಿಯೂರು: ಸುಧಾಕರ್ 2004ರಲ್ಲಿ ಚಳ್ಳಕೆರೆಯಿಂದ ಕಾಂಗ್ರೆಸ್ ಶಾಸಕ. ಚಳ್ಳಕೆರೆ ಮೀಸಲಾದ ಮೇಲೆ ಹಿರಿಯೂರಿಗೆ ಬಂದು 2008ರಲ್ಲಿ ಪಕ್ಷೇತರರಾಗಿ ಗೆದ್ದು, 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಬಿಜೆಪಿಯ ಕೆ. ಪೂರ್ಣಿಮಾ ಸುಮಾರು 13 ಸಾವಿರದಿಂದ ಅವರನ್ನ ಸೋಲಿಸಿದರು. 2023ರಲ್ಲಿ ಸುಧಾಕರ್ 30 ಸಾವಿರದಿಂದ ವಾಪಸ್ ಬಂದು ಯೋಜನೆ ಮತ್ತು ಸಾಂಖ್ಯಿಕ ಸಚಿವರಾದರು. ಚುನಾವಣೆ ಮುಗಿದ ಐದೇ ತಿಂಗಳಿಗೆ ಪೂರ್ಣಿಮಾ ಕೂಡ ಕಾಂಗ್ರೆಸ್ ಸೇರಿದರು. ಅವರ ಪತಿ ಡಿ.ಟಿ. ಶ್ರೀನಿವಾಸ್ 2024ರಲ್ಲಿ ಕಾಂಗ್ರೆಸ್ಸಿನಿಂದ ವಿಧಾನ ಪರಿಷತ್ತಿಗೆ ಹೋದರು. ಒಬ್ಬರನ್ನ ಸೋಲಿಸೋಕೆ ಇನ್ನೊಬ್ಬರಿಗೆ ಹಾಕಿದ್ರಲ್ಲ, ಇಬ್ಬರೂ ಒಂದೇ ಪಕ್ಷದ ಕಚೇರಿಗೆ ಬಂದು ಕೂತರು.

ಹೊಳಲ್ಕೆರೆ: 2008 ಎಂ. ಚಂದ್ರಪ್ಪ, 2013 ಎಚ್. ಆಂಜನೇಯ, 2018 ಮತ್ತು 2023 ಚಂದ್ರಪ್ಪ. ಇಲ್ಲಿ ಒಂದು ಮಾತು ಹೇಳಲೇಬೇಕು. ಆಂಜನೇಯ ಸಮಾಜ ಕಲ್ಯಾಣ ಸಚಿವರಾಗಿದ್ದಾಗ, 2013ರಲ್ಲಿ, ಪರಿಶಿಷ್ಟರ ಉಪಯೋಜನೆಯ ಹಣಕ್ಕೆ ಕಾನೂನಿನ ಬಲ ಬಂತು. ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಇಡಲೇಬೇಕು ಅನ್ನೋ ಕಾಯ್ದೆ ಅದು, ಇಡೀ ರಾಜ್ಯಕ್ಕೆ. ಐದು ವರ್ಷದ ನಂತರ ಮೀಸಲು ಕ್ಷೇತ್ರದಲ್ಲೇ ಅವರು ಸೋತರು. ಸೋಲಿಸೋಕೆ ನಿಮಗೆ ಕಾರಣ ಇದ್ದಿರಬಹುದು. ಆದರೆ ಆ ಚುನಾವಣೆಯಲ್ಲಿ ಆ ಕಾಯ್ದೆಯ ಬಗ್ಗೆ, ಪರವೋ ವಿರೋಧವೋ, ನಿಮ್ಮ ಹಟ್ಟಿಯಲ್ಲಿ ಎಷ್ಟು ಜನ ಮಾತಾಡಿದ್ರಿ?

ಚಿತ್ರದುರ್ಗ: ಜಿ.ಎಚ್. ತಿಪ್ಪಾರೆಡ್ಡಿಯವರಂಥ ಹಳೇ ಹುಲಿಯನ್ನ 2023ರಲ್ಲಿ 53 ಸಾವಿರದಿಂದ ಕೆಡವಿ ಕೆ.ಸಿ. ವೀರೇಂದ್ರ ಪಪ್ಪಿ ಅವರನ್ನ ತಂದ್ರಿ. 2025ರ ಆಗಸ್ಟ್‌ನಲ್ಲಿ ಅಕ್ರಮ ಬೆಟ್ಟಿಂಗ್ ಆರೋಪದ ಪ್ರಕರಣದಲ್ಲಿ ಇ.ಡಿ. ಅವರನ್ನ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ತಪ್ಪು ಮಾಡಿದ್ದಾರೋ ಇಲ್ವೋ ಕೋರ್ಟ್ ಹೇಳಬೇಕು, ನಾನಲ್ಲ. ಶಾಸಕರು ಬಂಧನದಲ್ಲಿದ್ದಾಗ ನಿಮ್ಮ ವಾರ್ಡಿನ ಕೆಲಸ ಯಾರನ್ನ ಕೇಳಿದ್ರಿ ಅನ್ನೋದಷ್ಟೇ ನನ್ನ ಪ್ರಶ್ನೆ.

ನಾಲ್ಕು ಕ್ಷೇತ್ರ, ನಾಲ್ಕು ಚುನಾವಣೆ, ಹದಿನಾರು ಗೆಲುವು. ಗೆದ್ದ ಮುಖಗಳು ಒಂಬತ್ತೇ. ಅದರಲ್ಲಿ ಚಿತ್ರದುರ್ಗದ ಮೂವರನ್ನ ತೆಗೆದರೆ ಉಳಿದ ಮೂರು ಕ್ಷೇತ್ರಕ್ಕೂ ಇಬ್ಬಿಬ್ಬರು.

(9)
ಫೋಟೋ: ವಾಣಿವಿಲಾಸ ಸಾಗರ, ಕೋಡಿ ಬಿದ್ದ ದಿನ. ತೆಗೆದದ್ದು ಗೆಳೆಯ, ನಾನಲ್ಲ.

ನೀರಿನ ವಿಷಯ ಬಿಟ್ಟು ಚಿತ್ರದುರ್ಗದ ರಾಜಕೀಯ ಬರೆಯೋದು ಉಪ್ಪಿಲ್ಲದ ಸಾರು.

ಮಾರಿಕಣಿವೆ ಡ್ಯಾಮು ಮುಗಿದಿದ್ದು 1907ರಲ್ಲಿ, 30 ಟಿಎಂಸಿ ಹಿಡಿಯುತ್ತೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದ ಮೇಲೆ. ಮತ್ತೆ 2025ರ ಜನವರಿಯಲ್ಲಿ. ನಾವೆಲ್ಲ ಕುಟುಂಬ ಸಮೇತ ಹೋಗಿ ರೀಲ್ಸ್ ಮಾಡಿದ್ವಿ, ತಪ್ಪಿಲ್ಲ.

ಆದರೆ ಈ ಡ್ಯಾಮಿನ ಅಚ್ಚುಕಟ್ಟು ಹಿರಿಯೂರಿನ ಕಡೆ, ಹಿನ್ನೀರು ಹೊಸದುರ್ಗದ ಕಡೆ. ತುಂಬಿದ್ರೆ ಅಲ್ಲಿ ಹಬ್ಬ, ಇಲ್ಲಿ ತೋಟದೊಳಗೆ ನೀರು. 2022ರಲ್ಲಿ ಹಿನ್ನೀರಿನ ರೈತರ ಅಡಿಕೆ, ತೆಂಗು ನೀರಲ್ಲಿ ನಿಂತಿದ್ವು. ಆಗ ಎರಡೂ ತಾಲ್ಲೂಕಿನ ಶಾಸಕರು ಒಂದೇ ಪಕ್ಷ, ರಾಜ್ಯ ಸರ್ಕಾರವೂ ಅದೇ ಪಕ್ಷ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಎಷ್ಟು ಅಡಿವರೆಗೆ ನಿಲ್ಲಿಸಬೇಕು, ಮುಳುಗಿದ ನೆಲಕ್ಕೆ ಪರಿಹಾರ ಯಾರು ಕೊಡಬೇಕು ಅಂತ ಬರೆಸಿಕೊಳ್ಳೋಕೆ ಅದಕ್ಕಿಂತ ಒಳ್ಳೇ ಕಾಲ ಇತ್ತಾ? ನಾವು ಏನು ಮಾಡಿದ್ವಿ? ಹಿರಿಯೂರಿನವರು ಹೊಸದುರ್ಗದವರನ್ನ, ಹೊಸದುರ್ಗದವರು ಹಿರಿಯೂರಿನವರನ್ನ ಫೇಸ್‌ಬುಕ್ಕಿನಲ್ಲಿ ಬೈಕೊಂಡು ಕೂತ್ವಿ.

ಇನ್ನು ಭದ್ರಾ ಮೇಲ್ದಂಡೆ. 2008ರಲ್ಲಿ, ಅದೇ ಐದು ಕೀಲಿಕೈ ಸರ್ಕಾರದ ಕಾಲದಲ್ಲೇ, ಒಪ್ಪಿಗೆ ಸಿಕ್ಕ ಯೋಜನೆ. ಇದನ್ನ ಹೇಳದಿದ್ರೆ ಅನ್ಯಾಯ ಆಗುತ್ತೆ. 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು. ಅಂದಾಜು ವೆಚ್ಚ ಸುಮಾರು 6 ಸಾವಿರ ಕೋಟಿಯಿಂದ 21,473 ಕೋಟಿಗೆ ಏರಿತು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆ. ಅದು ಕೈಗೆ ಬಂದಿಲ್ಲ ಅಂತ ರಾಜ್ಯ ಹೇಳುತ್ತೆ, ನೀವು ಕೊಡಬೇಕಾದ ದಾಖಲೆ ಕೊಟ್ಟಿಲ್ಲ ಅಂತ ಆ ಕಡೆಯವರು ಹೇಳ್ತಾರೆ. ಒಪ್ಪಿಗೆ ಸಿಕ್ಕ ವರ್ಷ ಹುಟ್ಟಿದ ಮಗು ಈಗ ಕಾಲೇಜಿನಲ್ಲಿದೆ. ಅಷ್ಟರಲ್ಲಿ ನಾವು ಮೂರು ಸಲ ಶಾಸಕರನ್ನ ಬದಲಾಯಿಸಿದ್ವಿ. ಒಂದು ಸಲವೂ 'ಕಾಲುವೆ ಎಷ್ಟು ಕಿಲೋಮೀಟರ್ ಮುಂದಕ್ಕೆ ಬಂತು' ಅನ್ನೋ ಕಾರಣಕ್ಕೆ ಬದಲಾಯಿಸಿದ್ದಲ್ಲ.

(10)
ಫೋಟೋ: ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್.

'ಹಾಗಾದ್ರೆ ಏನು ಮಾಡಬೇಕು ಅಂತ ನೀನೇ ಹೇಳು' ಅಂತ ಭಾಗ 4ರ ಕೆಳಗೆ ಒಬ್ಬ ಅಣ್ಣ ಕೇಳಿದ್ದಾರೆ. ಸ್ವಲ್ಪ ಸಿಟ್ಟಲ್ಲೇ ಕೇಳಿದ್ದಾರೆ, ಸರಿಯಾಗಿಯೇ ಕೇಳಿದ್ದಾರೆ.

ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಐದು ವರ್ಷಕ್ಕೆ 10 ಕೋಟಿ. ಅದು ಯಾವ ಊರಿನ ಯಾವ ಕೆಲಸಕ್ಕೆ ಹೋಯ್ತು ಅನ್ನೋದು ಸರ್ಕಾರಿ ಕಡತದಲ್ಲಿರುತ್ತೆ. ಮಾಹಿತಿ ಹಕ್ಕಿನಲ್ಲಿ ಕೇಳೋಕೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯ ಇರಬೇಕು, ನೆನಪಿರಲಿ. ನನ್ನ ಮೊದಲ ಅರ್ಜಿ ವಾಪಸ್ ಬಂದಿದ್ದು ಇದಕ್ಕೇ, ನಾನು ಕಥೆ ಬರೆದಿದ್ದೆ. ಎರಡನೇದಕ್ಕೆ 'ಮಾಹಿತಿ ಬೃಹತ್ತಾಗಿದೆ, ಕಚೇರಿಗೆ ಬಂದು ಪರಿಶೀಲಿಸಿಕೊಳ್ಳಿ' ಅಂತ ಉತ್ತರ ಬಂತು. ಹೋದೆ. ಕಡತ ನೋಡಿಕೊಳ್ಳೋರು ಊಟಕ್ಕೆ ಹೋಗಿದ್ರು. ಮೂರನೇ ಸಲ ಹೋದಾಗ ಸಿಕ್ಕಿದ್ರು, ಒಳ್ಳೇ ಮನುಷ್ಯ, ಕೂರಿಸಿ ತೋರಿಸಿದ್ರು. 'ಇದನ್ನ ಕೇಳೋಕೆ ಬಂದ ಹುಡುಗ ನೀನೇ ಮೊದಲು' ಅಂದ್ರು. ನನಗೆ ನಾಚಿಕೆ ಆಯ್ತು.

ಸದನದಲ್ಲಿ ಶಾಸಕರು ಕೇಳಿದ ಪ್ರಶ್ನೆ, ಅದಕ್ಕೆ ಬಂದ ಉತ್ತರ ವಿಧಾನಸಭೆಯ ವೆಬ್‌ಸೈಟಿನಲ್ಲಿ ಇರುತ್ತೆ. ಚುನಾವಣೆಗೆ ಕೊಡೋ ಅಫಿಡವಿಟ್ಟಿನಲ್ಲಿ ಆಸ್ತಿ, ಸಾಲ, ಕೇಸು ಎಲ್ಲ ಇರುತ್ತೆ. 2018ರದ್ದು, 2023ರದ್ದು ಎರಡೂ ಪಕ್ಕಪಕ್ಕ ಇಟ್ಟು ಓದಿ. ನೀವು ಯಾರ ಅಭಿಮಾನಿಯೋ ಮೊದಲು ಅವರದ್ದೇ ಓದಿ.

ಈಗ ಗೋವಿಂದಪ್ಪನವರ ಸರದಿ. ಅವರ ಐದು ವರ್ಷವನ್ನ 2028ರಲ್ಲಿ ಓದೋದು ಬೇಡ, ಈಗಲೇ ಓದೋಣ. ಭದ್ರಾ ಮೇಲ್ದಂಡೆಯಲ್ಲಿ ತಾಲ್ಲೂಕಿನ ಪಾಲಿನ ಕೆಲಸ ಎಲ್ಲಿಗೆ ಬಂದಿದೆ, ಹಿನ್ನೀರಿನ ಪರಿಹಾರ ಎಷ್ಟು ಮನೆಗೆ ಸೇರಿದೆ, ನಿಧಿಯ ಹಣ ಯಾವ ಪಂಚಾಯ್ತಿಗೆ ಎಷ್ಟು ಹೋಗಿದೆ. ಮೂರು ಅರ್ಜಿ ನಾನು ಬರೆದಿದ್ದೀನಿ, ಫಾರ್ಮ್ಯಾಟ್ ಹೈಲೈಟ್ಸ್‌ನಲ್ಲಿ ಇದೆ. ನಿಮ್ಮ ಪಂಚಾಯ್ತಿ ಹೆಸರು ಹಾಕಿ ಕಳಿಸಿ. ಹಿರಿಯೂರು, ಹೊಳಲ್ಕೆರೆ, ದುರ್ಗದವರೂ ತಾಲ್ಲೂಕಿನ ಹೆಸರು ಬದಲಾಯಿಸಿ ಬಳಸಬಹುದು. ಉತ್ತರ ಬಂದ್ರೆ ಫೋಟೋ ತೆಗೆದು ಕಳಿಸಿ, ನಿಮ್ಮ ಹೆಸರು, ವಿಳಾಸ ಮುಚ್ಚಿ ಹಾಕ್ತೀನಿ.

ಮಾತು ಕೊಟ್ಟಿದ್ದೆ, ಹೇಳಿಬಿಡ್ತೀನಿ. 2018ರಲ್ಲಿ ನನ್ನ ವೋಟು ಶೇಖರ್ ಅವರಿಗೆ, ಗೋವಿಂದಪ್ಪನವರು ಸೋಲಲಿ ಅಂತ. 2023ರಲ್ಲಿ ಗೋವಿಂದಪ್ಪನವರಿಗೆ, ಶೇಖರ್ ಮತ್ತು ಬಿಜೆಪಿ ಇಬ್ಬರೂ ಸೋಲಲಿ ಅಂತ. ಎರಡೂ ಸಲ ನಾನು ಅಂದ್ಕೊಂಡಿದ್ದೇ ಆಯ್ತು. ಎರಡೂ ಸಲ ಫಲಿತಾಂಶದ ದಿನ ಇದೇ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿದೆ, ಯಜಮಾನರೇ ದುಡ್ಡು ಕೊಟ್ಟಿದ್ದು. ನಮ್ಮ ಬೋರ್‌ವೆಲ್ ಮಾತ್ರ ಆ ಐದು ವರ್ಷದಲ್ಲಿ ಇನ್ನೊಂದು ಸಲ ಕೊರೆಸಬೇಕಾಯ್ತು.

ನಾಳೆ ಸಂಜೆ ಆ ಮೂರು ಅರ್ಜಿ ಪ್ರಿಂಟ್ ಹಾಕಿಸಿಕೊಂಡು ಬೆಂಚಿನ ಹತ್ರ ಹೋಗ್ತೀನಿ. ಯಜಮಾನರು ಸಹಿ ಹಾಕ್ತಾರಾ ನೋಡಬೇಕು.

#ಹೊಸದುರ್ಗ #ಹಿರಿಯೂರು #ಹೊಳಲ್ಕೆರೆ #ಚಿತ್ರದುರ್ಗ #ನಮ್ಮಶಾಸಕರಲೆಕ್ಕ